ಪಂಪಿಗೆ ಮುನ್ನ ಕರೆಂಟು

ಬೇಸಗೆಯಲ್ಲಿ ಸುಳ್ಯದ ಪಯಸ್ವಿನೀ ತೀರದ ಅಡಿಕೆ ತೋಟವೊಂದರಲ್ಲಿ ಸ್ಪ್ರಿಂಕ್ಲರ್ ಜೆಟ್ಟಿನಿಂದ ನೀರು ಚಿಮ್ಮದಿರುವಾಗ, ಅನುಭವಿಯಾದ ಕೃಷಿಕನು ಜೆಟ್ಟನ್ನು ಬಿಚ್ಚುವ ಮೊದಲು ಪಂಪನ್ನೂ, ಪಂಪಿಗೂ ಮೊದಲು ಕರೆಂಟನ್ನೂ ಪರೀಕ್ಷಿಸುವನು.

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ಲಿನಲ್ಲಿಯೂ ಇದೇ ನ್ಯಾಯ. ಗಣಕವು ಎಚ್ಚರಗೊಳ್ಳುವಾಗ ಪ್ರತಿಯೊಂದು ಸಾಧನವನ್ನೂ ಅದರ ಡ್ರೈವರು ‘ಪ್ರೋಬ್’ ಎಂಬ ಕ್ರಿಯೆಯಿಂದ ಸಜ್ಜುಗೊಳಿಸುವುದು. ಆದರೆ ಟಚ್ ಸ್ಕ್ರೀನಿಗೆ ವಿದ್ಯುತ್ತನ್ನೀಯುವ ರೆಗ್ಯುಲೇಟರು ಇನ್ನೂ ಸಿದ್ಧವಾಗಿರದಿದ್ದರೆ, ಆ ಡ್ರೈವರು 517 ಎಂಬ ದೋಷಸಂಖ್ಯೆಯನ್ನು ಹಿಂದಿರುಗಿಸಿ, ತನ್ನ ಸರದಿಗಾಗಿ ಮತ್ತೆ ಕಾಯುವುದು. 2012ರಲ್ಲಿ, 3.4ನೆಯ ಆವೃತ್ತಿಯೊಡನೆ ಬಂದ ಈ ವ್ಯವಸ್ಥೆ ಉಪಕಾರಿಯೇ ಸರಿ; ಆದರೂ ರೆಗ್ಯುಲೇಟರು ಬಾರದೆಯೇ ಹೋದರೆ, ಸ್ಕ್ರೀನು ನಿಷ್ಕ್ರಿಯವಾಗಿಯೇ ಉಳಿಯುವುದು.

ಇಂಥ ದೋಷದ ಶೋಧನೆಯ ಕ್ರಮವಿದು: ಬೂಟ್ ಸಾಲಿಗೆ ‘ಇನಿಟ್‌ಕಾಲ್ ಡೀಬಗ್’ ಸೇರಿಸಿ, ಯಾವ ಪ್ರೋಬ್ ಎಷ್ಟು ಮೈಕ್ರೋಸೆಕೆಂಡಿನಲ್ಲಿ ಯಾವ ಸಂಖ್ಯೆಯನ್ನು ಹಿಂದಿರುಗಿಸಿತೆಂಬುದನ್ನು ಕರ್ನಲ್ ಲಾಗಿನಲ್ಲಿ ಓದಿರಿ, ಕರ್ನಲ್ಲಿನ ಒಳಸ್ಥಿತಿಯನ್ನು ತೋರಿಸುವ ಡೀಬಗ್‌ಎಫ್‌ಎಸ್‌ನ ‘ಡಿವೈಸಸ್ ಡಿಫರ್ಡ್’ ಕಡತದಲ್ಲಿ ಇನ್ನೂ ಕಾದಿರುವ ಸಾಧನಗಳನ್ನು ಗುರುತಿಸಿರಿ, ಬಳಿಕ, ಸಾಧನಗಳ ವಿವರಪಟ್ಟಿಯಾದ ಡಿವೈಸ್ ಟ್ರೀಯಲ್ಲಿ ಆ ರೆಗ್ಯುಲೇಟರು ‘ಡಿಸೇಬಲ್ಡ್’ ಎಂದಿರುವುದೋ, ಅದರ ಡ್ರೈವರೇ ಕರ್ನಲ್ಲಿನಲ್ಲಿ ಸೇರಿಲ್ಲವೋ ಎಂಬುದನ್ನು ನಿರ್ಧರಿಸಿರಿ.

ಸುಳ್ಯದ ಇಂಜಿನಿಯರಿಂಗ್ ವಿದ್ಯಾರ್ಥಿಗಳೇ, ಸೋತ ಡ್ರೈವರನ್ನು ದೂಷಿಸುವ ಮುನ್ನ, ಅದು ಯಾರಿಗಾಗಿ ಕಾಯುತ್ತಿದೆಯೆಂಬುದನ್ನು ವಿಚಾರಿಸಿರಿ. ಅರ್ಧ ಉತ್ತರ ಅಲ್ಲಿಯೇ ದೊರೆಯುವುದು.