ಹಣ್ಣು ನೊಣಕ್ಕೆ ಕಣಜದ ಹುಳುವಿನ ಕಡಿವಾಣ

ನೋಡಲು ಚೆನ್ನಾಗಿರುವ ಮಾವಿನ ಹಣ್ಣನ್ನು ಕೊಯ್ದಾಗ ಒಳಗೆ ಬಿಳಿ ಹುಳುಗಳು ಕಂಡರೆ ಅದು ಹಣ್ಣು ನೊಣದ ಹಾವಳಿ. ಹೆಣ್ಣು ನೊಣ ಸಿಪ್ಪೆಯನ್ನು ಚುಚ್ಚಿ ಅದರಡಿ ಮೊಟ್ಟೆಯಿಡುತ್ತದೆ. ಸಿಂಪಡಿಸಿದ ಔಷಧಿ ಅಲ್ಲಿಗೆ ತಲುಪುವುದು ಕಷ್ಟ.

ಆದರೆ ಫೋಪಿಯಸ್ ಅರಿಸಾನಸ್ ಎಂಬ ಪುಟ್ಟ ಕಣಜದ ಹುಳು ಅಲ್ಲಿಗೂ ತಲುಪಿ, ನೊಣದ ಮೊಟ್ಟೆಯೊಳಗೇ ತನ್ನ ಮೊಟ್ಟೆಯಿಡುತ್ತದೆ. ಮರಿಹುಳು ಬೆಳೆದು ಮಣ್ಣಿನಲ್ಲಿ ಕೋಶವಾದ ಮೇಲೆ ಅದರಿಂದ ನೊಣದ ಬದಲು ಕಣಜ ಹೊರಬರುತ್ತದೆ. ಹುಳು ಬಿದ್ದ ಹಣ್ಣು ಉಳಿಯದು; ಮುಂದಿನ ಪೀಳಿಗೆಯ ನೊಣಗಳು ಕಡಿಮೆಯಾಗುತ್ತವೆ.

ನಮ್ಮ ಮಾವನ್ನು ಕಾಡುವ ಇದೇ ನೊಣ 1940ರ ದಶಕದಲ್ಲಿ ಹವಾಯಿ ದ್ವೀಪಗಳಿಗೆ ನುಗ್ಗಿದಾಗ ಏಷ್ಯಾದಿಂದ ಈ ಕಣಜವನ್ನು ತರಿಸಲಾಯಿತು. 2003ರಲ್ಲಿ ನೊಣ ಕೀನ್ಯಾದಲ್ಲಿ ಕಾಣಿಸಿಕೊಂಡಿತು. 2006ರಲ್ಲಿ ಹವಾಯಿಯಿಂದ ಕಣಜ ಅಲ್ಲಿಗೂ ಹೋಯಿತು.

ಉದುರಿದ ಹಣ್ಣನ್ನು ಆಳವಾಗಿ ಹೂತರೆ ನೊಣದೊಡನೆ ಕಣಜವೂ ನಾಶವಾಗುತ್ತದೆ. ಅದಕ್ಕಾಗಿ ಹವಾಯಿಯಲ್ಲಿ ಅಂಥ ಹಣ್ಣುಗಳನ್ನು ಡೇರೆಯೊಳಗೆ ಹಾಕಿಡುವ ಕ್ರಮ ಬಂದಿತು. ಡೇರೆಯ ಜಾಲರಿಯ ಕಣ್ಣಿನಲ್ಲಿ ಕಣಜ ನುಸುಳಿ ತೋಟ ಸೇರುತ್ತದೆ. ದಪ್ಪನೆಯ ನೊಣ ಒಳಗೇ ಸಾಯುತ್ತದೆ.

ಕಣಜವೊಂದರಿಂದಲೇ ಪೂರ್ಣ ಹತೋಟಿ ಸಾಧ್ಯವಿಲ್ಲ. ಉದುರಿದ ಹಣ್ಣನ್ನು ಮರದಡಿ ಬಿಡಬೇಡಿ. ಮೀಥೈಲ್ ಯುಜಿನಾಲ್ ಬಲೆಯಿಂದ ಗಂಡು ನೊಣಗಳನ್ನು ಹಿಡಿಯಿರಿ. ಮನಬಂದಂತೆ ಕೀಟನಾಶಕ ಸಿಂಪಡಿಸಿದರೆ ಈ ಮಿತ್ರಕೀಟವೂ ಸಾಯುತ್ತದೆಂಬುದನ್ನು ನೆನಪಿಡಿ.