ಗುಜರಿಯಿಂದ ಲಾರಿ ಎಂಜಿನ್ ತರ್ತೀರಾ? ಬಿಚ್ಚೋ ಮೊದಲು ಇಷ್ಟು ನೋಡ್ಕೊಳ್ಳಿ

ಲಾರಿ ಎಂಜಿನ್ ಕೈಕೊಟ್ಟರೆ ಹಳೇ ಗಾಡಿ ಮಾಲೀಕರ ಮುಂದೆ ಸಾಮಾನ್ಯವಾಗಿ ಎರಡು ದಾರಿ. ಇದ್ದ ಎಂಜಿನ್ ಬಿಚ್ಚಿ ಬೋರ್ ಮಾಡಿಸೋದು, ಇಲ್ಲಾ ಗುಜರಿಯಲ್ಲಿ ನಿಂತ ಗಾಡಿಯಿಂದ ಇನ್ನೊಂದು ಇಳಿಸಿ ತರೋದು. ಗಾಡಿ ನಿಂತರೂ ಸಾಲದ ಕಂತು ನಿಲ್ಲಲ್ಲ. ಆ ಆತುರದಲ್ಲಿ ತಂದ ಎಂಜಿನ್ ಎರಡು ಕಡೆ ಕೈ ಸುಡಬಹುದು: ಒಂದು ಗ್ಯಾರೇಜ್‌ನಲ್ಲಿ, ಇನ್ನೊಂದು ಆರ್‌ಟಿಒ ಕಚೇರಿಯಲ್ಲಿ.

ಮೊದಲು ನಂಬರ್ ನೋಡಿ

ಬ್ಲಾಕ್ ಮೇಲಿನ ಎಣ್ಣೆ, ಮಣ್ಣು ಒರೆಸಿ ಎಂಜಿನ್ ನಂಬರ್ ಓದಿ. ಗ್ರೈಂಡರ್ ಆಡಿಸಿದ ಗುರುತು ಇದ್ದರೆ, ಅಕ್ಷರ ಸೊಟ್ಟಗಿದ್ದರೆ ಎಷ್ಟು ಕಡಿಮೆ ರೇಟ್ ಹೇಳಿದರೂ ಬೇಡ. ಕಳವಿನ ಗಾಡಿಯದ್ದಾಗಿರಬಹುದು.

ಮಾಡೆಲ್ ಕೂಡ ಸರಿ ಹೊಂದಬೇಕು. ಟಾಟಾ 697 ಅಂದ್ರೆ 6 ಸಿಲಿಂಡರ್, 97 ಮಿ.ಮೀ. ಬೋರ್. 497 ಅಂದ್ರೆ 4 ಸಿಲಿಂಡರ್, ಬೋರ್ ಅದೇ 97. ಕಾಮನ್ ರೈಲ್ ಎಂಜಿನ್ ಆದರೆ ಇಸಿಎಂ, ಸೆನ್ಸರ್, ವೈರಿಂಗ್ ಸಮೇತ ಕೇಳಿ.

ಒಳಗಿನ ಸ್ಥಿತಿ ಹೀಗೆ ತಿಳಿಯುತ್ತೆ

ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಪೂರ್ತಿ ಎರಡು ಸುತ್ತು ತಿರುಗಿಸಿ. ಎರಡು ಸುತ್ತಿಗೆ ಎಲ್ಲಾ ಸಿಲಿಂಡರ್‌ಗಳ ಒಂದು ಸರದಿ ಮುಗಿಯುತ್ತೆ. ಎಲ್ಲೂ ಅಲ್ಲಾಡದಿದ್ದರೆ ಎಂಜಿನ್ ಜಾಮ್ ಆಗಿದೆ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಟೀ ಥರ ಕಂಡರೆ ನೀರು ಸೇರಿದೆ ಅಂತ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ ಅಥವಾ ಬ್ಲಾಕ್ ಸೀಳಿರಲೂಬಹುದು. ಆಯಿಲ್‌ನಲ್ಲಿ ಮಿನುಗುವ ಲೋಹದ ಪುಡಿ ಇದ್ದರೆ ಬೇರಿಂಗ್ ಸವೆದಿರೋ ಸಾಧ್ಯತೆ ಹೆಚ್ಚು.

ಇಳಿಸುವಾಗ ಜೀವದ ಪ್ರಶ್ನೆ

6 ಸಿಲಿಂಡರ್ ಡೀಸೆಲ್ ಎಂಜಿನ್ ಅಂದ್ರೆ ನೂರಾರು ಕೆಜಿ. ಮೊದಲು ಬ್ಯಾಟರಿ ವೈರ್ ತೆಗೆದು ನೀರು, ಆಯಿಲ್ ಇಳಿಸಬೇಕು. ಆಮೇಲೆ ರೇಡಿಯೇಟರ್, ಡೀಸೆಲ್ ಪೈಪ್, ಸೈಲೆನ್ಸರ್ ಪೈಪ್. ಬೆಲ್ ಹೌಸಿಂಗ್ ಬೋಲ್ಟ್ ಬಿಚ್ಚೋ ಮೊದಲೇ ಗೇರ್ ಬಾಕ್ಸ್ ಕೆಳಗೆ ಜಾಕ್ ಕೊಡಿ, ಎಂಜಿನ್‌ಗೆ ಚೈನ್ ಬಿಗಿ ಮಾಡಿ. ಇಲ್ಲದಿದ್ದರೆ ಭಾರವೆಲ್ಲ ಗೇರ್ ಬಾಕ್ಸ್ ಶಾಫ್ಟ್, ಕ್ಲಚ್ ಪ್ಲೇಟ್ ಮೇಲೆ ಬೀಳುತ್ತೆ. ಚೈನ್ ಪುಲ್ಲಿಯಲ್ಲಿ ತೂಗುವ ಎಂಜಿನ್ ಕೆಳಗೆ ಯಾರೂ ಕೈ ಕೂಡ ಹಾಕಬಾರದು.

ಕಾಗದ ಮರೆತರೆ ಕಷ್ಟ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಎಂಜಿನ್ ಬದಲಾವಣೆಗೂ ಅನ್ವಯಿಸುತ್ತೆ. ಮೊದಲೇ ಆರ್‌ಟಿಒ ಅನುಮತಿ ಪಡೆಯೋದು ಸರಿಯಾದ ಕ್ರಮ. ಅನುಮತಿ ಇಲ್ಲದೆ ಬದಲಾಗಿದ್ದರೆ 14 ದಿನದೊಳಗೆ ತಿಳಿಸಿ, ಆರ್‌ಸಿ ಮತ್ತು ಶುಲ್ಕ ಕೊಡಬೇಕು.

ಅದಕ್ಕೇ ದುಡ್ಡು ಕೊಡುವಾಗಲೇ ಬಿಲ್ ಕೇಳಿ. ಬಿಲ್‌ನಲ್ಲಿ ಎಂಜಿನ್ ನಂಬರ್, ಅದಿದ್ದ ಗಾಡಿಯ ನಂಬರ್ ಎರಡೂ ಇರಲಿ. ಆ ಗಾಡಿಯ ಆರ್‌ಸಿ ರದ್ದಾಗಿದೆಯಾ ಅಂತ ಎಂ-ಪರಿವಾಹನ್ ಆಪ್‌ನಲ್ಲಿ ನೋಡಿ. ನಿಮ್ಮ ಗಾಡಿ ಮೇಲೆ ಸಾಲ ಇದ್ದರೆ ಫೈನಾನ್ಸ್‌ನವರ ಒಪ್ಪಿಗೆ ಪತ್ರ ತಗೊಳ್ಳಿ, ವಿಮೆ ಕಂಪನಿಗೂ ಹೊಸ ನಂಬರ್ ತಿಳಿಸಿ. ಅಪಘಾತದ ಕ್ಲೇಮ್ ವೇಳೆ ಸರ್ವೇಯರ್ ನೋಡೋದು ಅದನ್ನೂ ಸೇರಿಸಿಯೇ.

ಬಿಲ್ ಕೊಡಲ್ಲ ಅನ್ನೋ ಕಡೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ವಾಪಸ್ ಬನ್ನಿ. ನಾಳೆ ಚೆಕ್‌ಪೋಸ್ಟ್‌ನಲ್ಲಿ ಉತ್ತರ ಕೊಡಬೇಕಾದವರು ಗಾಡಿ ಮಾಲೀಕರೇ, ಗುಜರಿಯವರಲ್ಲ.