‘ಹೋಟೆಲ್’ ಎಂದರೆ ಊಟವೋ, ರೂಮೋ?



ನಾವು ದಿನಕ್ಕೆ ನೂರು ಸಲ ಹೇಳುವ ಇಂಗ್ಲಿಷ್ ಪದ ‘ಹೋಟೆಲ್’. ಊರಿನಲ್ಲಿ ಇದು ಇಂಗ್ಲಿಷ್ ಎಂದೇ ಯಾರಿಗೂ ಅನ್ನಿಸುವುದಿಲ್ಲ. ‘ಹೋಟ್ಲು ಇಟ್ಟಿದ್ದಾನೆ’ ಎಂದರೆ ಇಡ್ಲಿ, ದೋಸೆ, ಕಾಫಿಯ ವ್ಯಾಪಾರ ಎಂದೇ ಅರ್ಥ. ಎರಡು ಬೆಂಚು ಹಾಕಿದ ಚಹಾದಂಗಡಿಯೂ ಹೋಟೆಲೇ. ಮಾಂಸದೂಟ ಸಿಕ್ಕಿದರೆ ಅದು ಮಿಲಿಟರಿ ಹೋಟೆಲ್. ಮಲಗಲು ಜಾಗ ಬೇಕಾದವನು ಮಾತ್ರ ‘ಲಾಡ್ಜ್ ಎಲ್ಲಿದೆ?’ ಎಂದು ಕೇಳುತ್ತಾನೆ.

ದೆಹಲಿಯಲ್ಲಿ ಲೆಕ್ಕ ಬೇರೆ. ಪಹಾಡ್‌ಗಂಜ್, ಕರೋಲ್‌ಬಾಗ್ ಕಡೆ ಸಾಲಾಗಿ ಕಾಣುವ ‘ಹೋಟೆಲ್’ ಬೋರ್ಡುಗಳಲ್ಲಿ ಹೆಚ್ಚಿನವು ರೂಮು ಕೊಡುವ ಜಾಗಗಳು. ಊಟಕ್ಕೆ ಇಲ್ಲಿ ಢಾಬಾ, ಭೋಜನಾಲಯ, ರೆಸ್ಟೋರೆಂಟ್ ಎನ್ನುತ್ತಾರೆ. ಬೋರ್ಡಿನಲ್ಲಿ ಬರೀ ‘ಹೋಟೆಲ್’ ಎಂದಿದ್ದರೆ ಸೂಟ್‌ಕೇಸ್ ಹಿಡಿದವರು ಬಂದು ‘ಕಮ್ರಾ ಮಿಲೇಗಾ?’ ಎಂದು ಕೇಳುತ್ತಾರೆ. ಹಸಿದು ಬಂದವರು ಹೊರಗಿನಿಂದಲೇ ನೋಡಿ ಮುಂದೆ ಹೋಗುತ್ತಾರೆ. ಹೀಗೆಂದು ನಮ್ಮ ಅರ್ಥ ತಪ್ಪಲ್ಲ. ಜಾಮಾ ಮಸೀದಿಯ ಹತ್ತಿರ 1913ರಿಂದ ಇರುವ ಕರೀಮ್ಸ್ ಊಟಕ್ಕೇ ಪ್ರಸಿದ್ಧ. ಆದರೂ ಅವರ ಕಂಪನಿಯ ಹೆಸರು ಕರೀಮ್ ಹೋಟೆಲ್ಸ್.

ಈ ಪದ ಹುಟ್ಟಿದ್ದು ಲ್ಯಾಟಿನ್ ಭಾಷೆಯ ‘ಹಾಸ್ಪೆಸ್’ ಎಂಬ ಪದದಿಂದ. ವಿಶೇಷವೆಂದರೆ ಅದಕ್ಕೆ ಅತಿಥಿ ಎಂಬ ಅರ್ಥವೂ ಇದೆ, ಅತಿಥಿಯನ್ನು ಸತ್ಕರಿಸುವವನು ಎಂಬ ಅರ್ಥವೂ ಇದೆ. ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಮೂರೂ ಒಂದೇ ಬಳ್ಳಿಯ ಕಾಯಿಗಳು. ಹಳೆಯ ಫ್ರೆಂಚಿನ ‘ಹೊಸ್ಟೆಲ್’ ಪದದಲ್ಲಿ ‘ಸ’ ಬಿದ್ದುಹೋಗಿ ‘ಹೋಟೆಲ್’ ಆಯಿತು. ಇಂಗ್ಲಿಷಿಗೆ ಅದು 18ನೇ ಶತಮಾನದಲ್ಲಿ ಬಂತು. ಇಂದಿಗೂ ಪ್ಯಾರಿಸ್‌ನ ‘ಓತೆಲ್ ದ ವೀಲ್’ ನಗರಸಭೆಯ ಕಟ್ಟಡ, ‘ಓತೆಲ್ ದಿಯೂ’ ಆಸ್ಪತ್ರೆ. ಆಸ್ಟ್ರೇಲಿಯಾದಲ್ಲಿ ಹೋಟೆಲ್ ಎಂದರೆ ಬಾರ್ ಎಂಬ ಅರ್ಥವೂ ಇದೆ. ವಿಮಾನದ ಪೈಲಟ್ ರೇಡಿಯೋದಲ್ಲಿ ‘ಹೋಟೆಲ್’ ಎಂದರೆ ಅದು ‘ಎಚ್’ ಅಕ್ಷರ ಮಾತ್ರ!

ನಮ್ಮವರು ಬಳಸಿದ ಇನ್ನೊಂದು ಪದ ‘ಬೋರ್ಡಿಂಗ್’. ಮುಂಬೈ ಮಾಟುಂಗದಲ್ಲಿ ಎ. ರಾಮ ನಾಯಕ್ ಅವರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಬಾಳೆಎಲೆ ಊಟಕ್ಕೆ ಹೆಸರಾಯಿತು. ಬೋರ್ಡ್ ಎಂದರೆ ಊಟದ ಹಲಗೆ, ಅದರಿಂದ ಊಟ. ಲಾಡ್ಜಿಂಗ್ ಎಂದರೆ ವಸತಿ. ಅಂದರೆ ಆ ಹೆಸರು ಇಂಗ್ಲಿಷ್ ಪ್ರಕಾರವೂ ಸರಿಯೇ. ಬೆಂಗಳೂರಿನಲ್ಲಿ 1924ರಲ್ಲಿ ‘ಬ್ರಾಹ್ಮಿನ್ಸ್ ಕಾಫಿ ಕ್ಲಬ್’ ಆಗಿ ಶುರುವಾದದ್ದು ಮುಂದೆ ‘ಮಾವಳ್ಳಿ ಟಿಫಿನ್ ರೂಮ್ಸ್’ ಆಯಿತು. ಅಲ್ಲಿ ರೂಮ್ ಎಂದರೆ ತಿಂಡಿ ತಿನ್ನುವ ಕೋಣೆ!

ಇದೆಲ್ಲ ಬರೀ ಪದದ ಆಟವಲ್ಲ, ನಮ್ಮ ಕಾಗದಪತ್ರಕ್ಕೂ ಸಂಬಂಧವಿದೆ. ದೆಹಲಿಯಲ್ಲಿ ಲೈಸೆನ್ಸಿನ ಮಟ್ಟಿಗೆ ನಮ್ಮದು ‘ಈಟಿಂಗ್ ಹೌಸ್’. ಹೋಟೆಲ್, ಗೆಸ್ಟ್ ಹೌಸ್‌ಗಳದ್ದು ಬೇರೆ ವರ್ಗ. 2025ರ ಜೂನ್‌ನಲ್ಲಿ ಉಪರಾಜ್ಯಪಾಲರ ಆದೇಶದಂತೆ ಈ ಎರಡೂ ಲೈಸೆನ್ಸುಗಳ ಅಧಿಕಾರ ದೆಹಲಿ ಪೊಲೀಸರ ಕೈಯಿಂದ ನಗರಪಾಲಿಕೆ ಮೊದಲಾದ ಸ್ಥಳೀಯ ಸಂಸ್ಥೆಗಳಿಗೆ ಹೋಯಿತು. ಇಲಾಖೆ ಬದಲಾದರೂ ವರ್ಗ ಬೇರೆಬೇರೆಯೇ. ಅರ್ಜಿಯಲ್ಲಿ ತಪ್ಪು ವರ್ಗ ಬರೆದರೆ ಓಡಾಟ ನಮಗೇ.

ಜಿಎಸ್‌ಟಿಯಲ್ಲೂ ಹಾಗೆಯೇ. ಸಾಮಾನ್ಯ ರೆಸ್ಟೋರೆಂಟಿಗೆ 2017ರ ನವೆಂಬರ್ 15ರಿಂದ ಶೇ. 5 ತೆರಿಗೆ, ಇನ್‌ಪುಟ್ ಕ್ರೆಡಿಟ್ ಇಲ್ಲ. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ರೂಮು ಇರುವ ಕಟ್ಟಡದೊಳಗಿನ ರೆಸ್ಟೋರೆಂಟಿಗೆ ಶೇ. 18, ಕ್ರೆಡಿಟ್ ಉಂಟು. 2025ರ ಏಪ್ರಿಲ್ 1ರಿಂದ ಇದಕ್ಕೆ ನೋಡುವುದು ಹಿಂದಿನ ವರ್ಷ ನಿಜವಾಗಿ ವಸೂಲು ಮಾಡಿದ ಬಾಡಿಗೆಯನ್ನು, ಗೋಡೆಗೆ ಹಾಕಿದ ದರಪಟ್ಟಿಯನ್ನಲ್ಲ. ಆದ್ದರಿಂದ ಬಾಡಿಗೆಗೆ ಜಾಗ ಹಿಡಿಯುವಾಗ ಆ ಕಟ್ಟಡದಲ್ಲಿ ರೂಮುಗಳಿದ್ದರೆ ಮೊದಲು ಇದನ್ನು ವಿಚಾರಿಸಿ. ಹೆಸರಿನಲ್ಲಿ ‘ಹೋಟೆಲ್’ ಇದ್ದ ಮಾತ್ರಕ್ಕೆ ಶೇ. 18 ಬರುವುದಿಲ್ಲ, ಹೆದರಬೇಡಿ.

ಹಾಗಾದರೆ ಹಿರಿಯರು ಇಟ್ಟ ‘ಹೋಟೆಲ್’ ಹೆಸರನ್ನು ತೆಗೆಯಬೇಕೇ? ಖಂಡಿತ ಬೇಡ. ಹಳೆಯ ಗಿರಾಕಿ ಆ ಹೆಸರನ್ನೇ ಹುಡುಕಿಕೊಂಡು ಬರುತ್ತಾನೆ. ಅದರ ಕೆಳಗೆ ದೊಡ್ಡದಾಗಿ ‘ದಕ್ಷಿಣ ಭಾರತೀಯ ಶುದ್ಧ ಶಾಕಾಹಾರಿ ಭೋಜನ’ ಎಂದು ಹಿಂದಿಯಲ್ಲಿ, ‘ರೆಸ್ಟೋರೆಂಟ್’ ಎಂದು ಇಂಗ್ಲಿಷಿನಲ್ಲಿ ಬರೆಸಿದರೆ ಸಾಕು. ಫೋನಿನ ಮ್ಯಾಪಿನಲ್ಲೂ ‘ರೆಸ್ಟೋರೆಂಟ್’ ವರ್ಗವನ್ನೇ ಆರಿಸಿ. ಜತೆಗೆ ಹತ್ತಿರದ ಒಳ್ಳೆಯ ಲಾಡ್ಜ್ ಯಾವುದೆಂದು ಕೌಂಟರಿನ ಹುಡುಗನಿಗೆ ಹೇಳಿಕೊಟ್ಟಿರಿ. ರೂಮು ಕೇಳಿ ಬಂದವರನ್ನು ‘ಇಲ್ಲ’ ಎಂದು ಕಳುಹಿಸುವ ಬದಲು ದಾರಿ ತೋರಿಸಿದರೆ, ಬೆಳಿಗ್ಗೆ ತಿಂಡಿಗೆ ಅವರು ನಮ್ಮಲ್ಲಿಗೇ ಬರುತ್ತಾರೆ.